ವಿಕಲಚೇತನರು ತಮ್ಮ ಹಕ್ಕನ್ನು ಕೇಳುವ ಬಗೆ: ಬಾಯಿಮಾತಿನಿಂದ ಹಿಂಬರಹದವರೆಗೆ

ನಾನು ಎರಡು ವರ್ಷದವನಿದ್ದಾಗ ಎರಡೂ ಕಾಲುಗಳಿಗೆ ಪೋಲಿಯೊ ತಗುಲಿತು. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ತೊಟ್ಟು ಊರುಗೋಲು ಹಿಡಿದರೆ ಸಮತಟ್ಟಾದ ನೆಲದಲ್ಲಿ ಒಂದಷ್ಟು ದೂರ ನಡೆಯಬಲ್ಲೆ, ಮೆಟ್ಟಿಲು ಹತ್ತಲಾರೆ. ನಮ್ಮ ತಾಲ್ಲೂಕಿನ ಒಂದು ಕಚೇರಿ ಮೊದಲ ಮಹಡಿಯಲ್ಲಿತ್ತು. ಅಲ್ಲಿದ್ದ ಗುಮಾಸ್ತರೊಬ್ಬರು ಸಜ್ಜನರು. ನಾನು ಬಂದಿರುವ ಸುದ್ದಿ ತಿಳಿದರೆ ಸಾಕು, ಕಡತವನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದು ಬಂದು, ನನ್ನ ಸ್ಕೂಟರಿನ ಸೀಟಿನ ಮೇಲೆಯೇ ಕಾಗದ ಹರಡಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಆರು ವರ್ಷ ಹೀಗೆ ನಡೆಯಿತು. ಆಮೇಲೆ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು, ಎಲ್ಲರಂತೆ ಮೇಲೆ ಬರಬೇಕೆಂದು ಹೇಳಿ ಕಳುಹಿಸಿದರು. ಮೊದಲು ಸಿಟ್ಟು ಬಂದದ್ದು ನಿಜ. ಆದರೆ ಮನೆಗೆ ಮರಳಿ ಯೋಚಿಸಿದಾಗ, ಆ ಆರು ವರ್ಷಗಳಲ್ಲಿ ನಾನು ಆ ಕಚೇರಿಗೆ ಒಂದೇ ಒಂದು ಕಾಗದವನ್ನೂ ಬರೆದಿರಲಿಲ್ಲವೆಂಬುದು ಹೊಳೆಯಿತು. ಅಲ್ಲಿನ ದಾಖಲೆಗಳ ಪ್ರಕಾರ ಆ ಮೆಟ್ಟಿಲುಗಳಿಂದ ಯಾರಿಗೂ ಯಾವ ತೊಂದರೆಯೂ ಆಗಿರಲೇ ಇಲ್ಲ.

ಅನುಕಂಪದಿಂದ ಸಿಗುವ ಸೌಲಭ್ಯ ಅನುಕಂಪವುಳ್ಳವರ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತದೆ. ಅದನ್ನು ಕಡತಕ್ಕೆ ಇಳಿಸುವ ಕೆಲಸವನ್ನು ನಾವೇ ಮಾಡಬೇಕು, ಮತ್ತು ಅದನ್ನು ವಕೀಲರಿಲ್ಲದೆ, ಹಣವಿಲ್ಲದೆ, ಹೆಚ್ಚಿನ ಓದಿಲ್ಲದೆಯೂ ಬಹುಮಟ್ಟಿಗೆ ಮಾಡಬಹುದು. ಹೇಗೆ ಎಂಬುದನ್ನು, ಹತ್ತಾರು ಅರ್ಜಿ ಬರೆದು, ಅವುಗಳಲ್ಲಿ ಅರ್ಧದಷ್ಟನ್ನು ತಪ್ಪಾಗಿ ಬರೆದು ಕಲಿತವನ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಡ್ಡಿಯನ್ನು ಹೆಸರಿಸುವುದು

ಮೊದಲ ಕೆಲಸ ಅರ್ಜಿ ಬರೆಯುವುದಲ್ಲ. ತೊಂದರೆ ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸುವುದು. ನಮ್ಮಲ್ಲಿ ಬಹುತೇಕರು ಅರ್ಜಿಯನ್ನು 'ನಾನು ಬಡ ಅಂಗವಿಕಲನಾಗಿದ್ದು, ಎರಡೂ ಕಾಲು ಸ್ವಾಧೀನವಿಲ್ಲದೆ, ತಾವು ದಯಮಾಡಿ' ಎಂದೇ ಆರಂಭಿಸುತ್ತೇವೆ. ನಾನೂ ಹಾಗೆಯೇ ಬರೆಯುತ್ತಿದ್ದೆ. ತಾಲ್ಲೂಕು ಕಚೇರಿಯ ಎದುರು ಕುಳಿತ ಅರ್ಜಿ ಬರಹಗಾರರಿಗೆ ಇದಲ್ಲದೆ ಬೇರೆ ಧಾಟಿ ಗೊತ್ತಿಲ್ಲ. ಈ ಧಾಟಿಯ ದೋಷ ಬರೀ ಸ್ವಾಭಿಮಾನಕ್ಕೆ ಸಂಬಂಧಿಸಿದ್ದಲ್ಲ. ಹೀಗೆ ಬರೆದಾಗ ಅರ್ಜಿಯ ವಿಷಯ ನನ್ನ ಕಾಲಾಗುತ್ತದೆ, ಮತ್ತು ನನ್ನ ಕಾಲಿನ ಬಗ್ಗೆ ಆ ಅಧಿಕಾರಿ ಮಾಡಬಹುದಾದದ್ದು ಏನೂ ಇಲ್ಲ. 'ತಮ್ಮ ಕಚೇರಿಗೆ 22 ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ, ನೆಲಮಹಡಿಯಲ್ಲಿ ಅರ್ಜಿ ಸ್ವೀಕರಿಸುವ ವ್ಯವಸ್ಥೆ ಇಲ್ಲ' ಎಂದು ಬರೆದರೆ ವಿಷಯ ಅವರ ಕಟ್ಟಡವಾಗುತ್ತದೆ. ಅದರ ಬಗ್ಗೆ ಅವರು ಉತ್ತರಿಸಲೇಬೇಕು.

ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ, ಅಥವಾ ಬರೆಯಲಾಗದವರು ಫೋನಿನಲ್ಲಿ ಧ್ವನಿಮುದ್ರಣವಾಗಿ, ಒಂದೆರಡು ವಾರ ಅಡ್ಡಿಗಳನ್ನು ದಾಖಲಿಸಿಕೊಳ್ಳಿ. ದಿನಾಂಕ, ಸ್ಥಳ, ಏನಾಯಿತು, ಯಾರು ಏನೆಂದರು, ಎಷ್ಟು ಹೊತ್ತು ಕಾಯಬೇಕಾಯಿತು. ಮೆಟ್ಟಿಲುಗಳನ್ನು ಎಣಿಸಿ. ಬಾಗಿಲಿನ ಅಗಲವನ್ನು ಟೇಪಿನಲ್ಲಿ ಅಳೆಯಿಸಿ. ಫೋಟೊ ತೆಗೆಯಿರಿ, ಅದರಲ್ಲಿ ನೀವು ತೆವಳುತ್ತಿರುವ ದೃಶ್ಯ ಬೇಕಿಲ್ಲ, ಮೆಟ್ಟಿಲು ಕಂಡರೆ ಸಾಕು. ದೃಷ್ಟಿಯಿಲ್ಲದವರಿಗೆ ಅಡ್ಡಿ ಎಂದರೆ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಓದಲಾಗದ ಸ್ಕ್ಯಾನ್ ಮಾಡಿದ ಸುತ್ತೋಲೆಯಾಗಿರಬಹುದು. ಕಿವುಡರಿಗೆ, ಹೆಸರನ್ನು ಕೂಗಿ ಮಾತ್ರ ಕರೆಯುವ ಆಸ್ಪತ್ರೆಯ ಸರತಿ ಸಾಲಾಗಿರಬಹುದು. ಇವನ್ನು ನಾವು ಇಷ್ಟು ವರ್ಷ ನಮ್ಮ ಹಣೆಬರಹವೆಂದು ತಿಳಿದು ಬಂದಿರುವುದರಿಂದ, ಅಡ್ಡಿ ಎಂದು ಕರೆಯಲು ಆರಂಭದಲ್ಲಿ ನಾಲಿಗೆ ತಡವರಿಸುತ್ತದೆ.

ಪದಗಳ ವಿಚಾರವಾಗಿ ಒಂದು ಮಾತು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ನಮ್ಮ ಹೆಸರು ಬದಲಾಗುತ್ತಲೇ ಬಂದಿದೆ. ವೈಯಕ್ತಿಕವಾಗಿ ನನಗೆ ನನ್ನ ಕಾಲಿನಲ್ಲಿ ದಿವ್ಯವಾದದ್ದೇನೂ ಕಂಡಿಲ್ಲ. ಆದರೆ ಅರ್ಜಿಯಲ್ಲಿ ಈ ಜಗಳ ಬೇಡ. ರಾಜ್ಯದ ಇಲಾಖೆಯ ಹೆಸರಿನಲ್ಲಿಯೇ ಇರುವ 'ವಿಕಲಚೇತನ' ಎಂಬ ಪದವನ್ನು ಬಳಸಿ ಮುಂದೆ ಸಾಗಿ.

ಕೈಯಲ್ಲಿ ಇರಬೇಕಾದ ಕಾಗದಗಳು

ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಬೇಕು. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ನಿಗದಿಪಡಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ವಿಕಲತೆಯ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಉದ್ಯೋಗ ಮತ್ತು ಉನ್ನತ ಶಿಕ್ಷಣದ ಮೀಸಲಾತಿಯಂತಹ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಪ್ರಮಾಣ ಕಡಿಮೆ ನಮೂದಾಗಿದೆ ಎನಿಸಿದರೆ ಮೇಲ್ಮನವಿ ಸಲ್ಲಿಸಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್ ಅವಕಾಶ ನೀಡುತ್ತದೆ.

ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಹಬ್ಬಿದೆ. ಶೇ. 40 ಇಲ್ಲದವರಿಗೆ ಯಾವ ಹಕ್ಕೂ ಇಲ್ಲವೆಂದು ಕಚೇರಿಗಳಲ್ಲಿ ಹೇಳುತ್ತಾರೆ, ನಮ್ಮವರೂ ನಂಬುತ್ತಾರೆ. ಅದು ಸರಿಯಲ್ಲ. ಸಮಾನತೆಯ ಹಕ್ಕು, ತಾರತಮ್ಯಕ್ಕೆ ಒಳಗಾಗದಿರುವ ಹಕ್ಕು, ಅಗತ್ಯಕ್ಕೆ ತಕ್ಕಂತೆ ವ್ಯವಸ್ಥೆಯಲ್ಲಿ ಬದಲಾವಣೆಯನ್ನು, ಅಂದರೆ ಸಮಂಜಸ ಹೊಂದಾಣಿಕೆಯನ್ನು ಕೇಳುವ ಹಕ್ಕು ಎಲ್ಲ ವಿಕಲಚೇತನರಿಗೂ ಸೇರಿದ್ದು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರನ್ನು ನಿರಾಕರಿಸಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಫೆಬ್ರುವರಿ 2021ರಲ್ಲಿ ಇದನ್ನೇ ಸ್ಪಷ್ಟಪಡಿಸಿತು: ಶೇ. 40ರ ಗೆರೆ ಮೀಸಲಾತಿಗೆ ಸಂಬಂಧಿಸಿದ್ದೇ ಹೊರತು ಹೊಂದಾಣಿಕೆಯ ಹಕ್ಕಿಗೆ ಸಂಬಂಧಿಸಿದ್ದಲ್ಲ. ಕಚೇರಿಯವರು ಈ ಮಾತು ಎತ್ತಿದರೆ ಆ ತೀರ್ಪನ್ನು ಹೆಸರಿಸಿ.

ಮೂಲ ಪ್ರತಿಗಳನ್ನು ಎಂದೂ ಯಾರ ಕೈಗೂ ಒಪ್ಪಿಸಿ ಬರಬೇಡಿ. ನನ್ನ ಮೂಲ ಪ್ರಮಾಣಪತ್ರ ಹಿಂದೊಮ್ಮೆ ಒಂದು ಕಚೇರಿಯ ಕಪಾಟಿನಲ್ಲಿ 14 ತಿಂಗಳು ವಿಶ್ರಾಂತಿ ಪಡೆದಿತ್ತು.

ಕಾನೂನು: ಎಷ್ಟು ಗೊತ್ತಿದ್ದರೆ ಸಾಕು

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 19 ಏಪ್ರಿಲ್ 2017ರಂದು ಜಾರಿಗೆ ಬಂದಿತು. ಅದಕ್ಕೆ ಮೊದಲಿದ್ದ 1995ರ ಕಾಯ್ದೆ ಏಳು ಬಗೆಯ ವಿಕಲತೆಗಳನ್ನು ಮಾತ್ರ ಗುರುತಿಸಿತ್ತು. ಈಗಿನದು 21 ಬಗೆಗಳನ್ನು ಗುರುತಿಸುತ್ತದೆ, ಆಸಿಡ್ ದಾಳಿಗೆ ಒಳಗಾದವರು, ಪಾರ್ಕಿನ್ಸನ್ ಕಾಯಿಲೆಯವರು, ತಲಸ್ಸೇಮಿಯಾ ಮತ್ತು ಹಿಮೊಫಿಲಿಯಾ ಇರುವವರು ಅದರಲ್ಲಿ ಸೇರಿದ್ದಾರೆ. ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿಕೊಂಡದ್ದರ ಫಲ ಈ ಕಾಯ್ದೆ. ಇಡೀ ಕಾಯ್ದೆಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಿಮ್ಮ ಅಡ್ಡಿಗೆ ಸಂಬಂಧಿಸಿದ ಒಂದೆರಡು ಸೆಕ್ಷನ್‌ಗಳು ಗೊತ್ತಿದ್ದರೆ ಸಾಕು.

3ನೇ ಸೆಕ್ಷನ್ ಸಮಾನತೆಯದು. ಯಾವ ಅರ್ಜಿಗೂ ಅದು ತಳಪಾಯ. ಕಟ್ಟಡದ ವಿಚಾರಕ್ಕೆ 44 ಮತ್ತು 45: ಮಾನದಂಡ ಪಾಲಿಸದ ಹೊಸ ಕಟ್ಟಡದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷಗಳೊಳಗೆ ಪ್ರವೇಶಯೋಗ್ಯವಾಗಿಸಬೇಕು. ನಿಯಮಗಳು ಪ್ರಕಟವಾದದ್ದು ಜೂನ್ 2017ರಲ್ಲಿ, ಆದ್ದರಿಂದ ಆ ಗಡುವು ಜೂನ್ 2022ಕ್ಕೇ ಮುಗಿದಿದೆ. ಈ ಒಂದು ಲೆಕ್ಕವನ್ನು ಅರ್ಜಿಯಲ್ಲಿ ಬರೆದಾಗ 'ಮುಂದೆ ನೋಡೋಣ' ಎಂಬ ಉತ್ತರ ಬರೆಯುವುದು ಅವರಿಗೆ ಕಷ್ಟವಾಗುವುದನ್ನು ನಾನು ಕಂಡಿದ್ದೇನೆ. ನವೆಂಬರ್ 2024ರಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಯೋಗ್ಯತೆಯ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಿತು.

ಶಾಲೆಯಲ್ಲಿರುವ ಮಕ್ಕಳ ತಂದೆತಾಯಂದಿರು 17ನೇ ಸೆಕ್ಷನ್ ಓದಿಕೊಳ್ಳಬೇಕು: ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಎಲ್ಲವೂ ಅಲ್ಲಿ ಹೆಸರಿಸಿಯೇ ಇವೆ. ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ. 5, ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ನೌಕರಿಯಲ್ಲಿರುವಾಗ ಅಪಘಾತದಿಂದಲೋ ಕಾಯಿಲೆಯಿಂದಲೋ ವಿಕಲತೆ ಬಂದರೆ ಸರ್ಕಾರಿ ಸಂಸ್ಥೆ ಆ ನೌಕರರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 20ನೇ ಸೆಕ್ಷನ್‌ನ ಈ ಭಾಗ ತಿಳಿಯದೆ 'ಸ್ವಯಂ ನಿವೃತ್ತಿ' ಪತ್ರಕ್ಕೆ ಸಹಿ ಹಾಕಿಕೊಟ್ಟವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಸಾರ್ವಜನಿಕರ ಎದುರಿನಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು 92ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಆದರೆ ಇದನ್ನು ಪ್ರತಿ ಒರಟು ಮಾತಿಗೂ ಝಳಪಿಸಬೇಡಿ, ನಿಜವಾಗಿ ಬೇಕಾದ ದಿನ ಅದರ ಮೊನೆ ಮೊಂಡಾಗಿರುತ್ತದೆ.

'ಹಣವಿಲ್ಲ' ಎಂಬುದು ನಿಮಗೆ ಸಿಗುವ ಮೊದಲ ಉತ್ತರ. ಸಮಂಜಸ ಹೊಂದಾಣಿಕೆ ಎಂಬುದಕ್ಕೆ ಕಾಯ್ದೆಯೇ ಒಂದು ಮಿತಿ ಹಾಕಿದೆ: ಅದು ಸಂಸ್ಥೆಯ ಮೇಲೆ ಅಳತೆ ಮೀರಿದ ಹೊರೆ ಹೊರಿಸಬಾರದು. ಈ ಮಿತಿ ನಮ್ಮ ವಿರುದ್ಧ ಇರುವಂತೆ ಕಂಡರೂ ಅದನ್ನು ನಮ್ಮ ಪರವಾಗಿ ಬಳಸಬಹುದು. ನೆಲಮಹಡಿಗೆ ಒಂದು ಮೇಜು, ಒಂದು ಕುರ್ಚಿ ಮತ್ತು ಕರೆಗಂಟೆ ತಂದಿಡುವುದು ಯಾವ ಇಲಾಖೆಗೂ ಅಳತೆ ಮೀರಿದ ಹೊರೆಯಲ್ಲ. ಹೊರೆಯೆಂದು ಹೇಳುವುದಾದರೆ ಅದನ್ನು ಬರವಣಿಗೆಯಲ್ಲಿ ಹೇಳಲಿ.

ಅರ್ಜಿ ಬರೆಯುವ ಕ್ರಮ

ಅರ್ಜಿ ಒಂದು ಪುಟ ಮೀರಬಾರದು. ಮೇಲೆ ನಿಮ್ಮ ಹೆಸರು, ವಿಳಾಸ, ದಿನಾಂಕ. ಅಧಿಕಾರಿಯ ಹೆಸರಲ್ಲ, ಹುದ್ದೆ. ಒಂದೇ ಸಾಲಿನ ವಿಷಯ. ಮೊದಲ ಪ್ಯಾರಾದಲ್ಲಿ ಅಡ್ಡಿ, ಎರಡನೆಯದರಲ್ಲಿ ಅದರಿಂದ ನೀವು ಯಾವ ದಿನ ಯಾವ ಸೇವೆಯಿಂದ ವಂಚಿತರಾದಿರಿ ಎಂಬುದು, ಮೂರನೆಯದರಲ್ಲಿ ಸೆಕ್ಷನ್, ಕೊನೆಯದರಲ್ಲಿ ಕೋರಿಕೆ. ಕೋರಿಕೆಯನ್ನು ಎರಡಾಗಿ ಒಡೆಯುವುದು ನಾನು ತಡವಾಗಿ ಕಲಿತ ಉಪಾಯ: ನಾಳೆಯಿಂದಲೇ ಮಾಡಬಹುದಾದದ್ದು ಒಂದು, ಅನುದಾನ ಪಡೆದು ಮಾಡಬೇಕಾದದ್ದು ಇನ್ನೊಂದು. ಲಿಫ್ಟ್ ಮಾತ್ರ ಕೇಳಿದರೆ ಪ್ರಸ್ತಾವನೆ ಸಲ್ಲಿಸಲಾಗಿದೆ ಎಂಬ ಉತ್ತರದೊಂದಿಗೆ ಕಡತ ಮಲಗುತ್ತದೆ; ಕೆಳಗೊಂದು ಮೇಜು ಮಾತ್ರ ಕೇಳಿದರೆ ಲಿಫ್ಟ್ ಎಂದೂ ಬರುವುದಿಲ್ಲ.

ನಾನು ಬರೆದ ಅರ್ಜಿಯ ಮುಖ್ಯ ಭಾಗ ಹೀಗಿತ್ತು: 'ತಮ್ಮ ಕಚೇರಿಯ ಸೇವೆಗಳು ಮೊದಲ ಮಹಡಿಯಲ್ಲಿ ಮಾತ್ರ ಲಭ್ಯವಿದ್ದು, ಅಲ್ಲಿಗೆ 22 ಮೆಟ್ಟಿಲುಗಳ ಹೊರತು ಬೇರೆ ದಾರಿ ಇರುವುದಿಲ್ಲ. ಇದರಿಂದ ಕ್ಯಾಲಿಪರ್ ಬಳಸುವ ನಾನು ಈ ತಿಂಗಳ 4 ಮತ್ತು 11ರಂದು ಸೇವೆ ಪಡೆಯದೆ ಹಿಂದಿರುಗಿರುತ್ತೇನೆ. ಆದ್ದರಿಂದ, ಅರ್ಜಿ ಸ್ವೀಕಾರ ಮತ್ತು ಸಹಿ ಪಡೆಯುವ ಕೆಲಸವನ್ನು ಏಳು ದಿನಗಳೊಳಗೆ ನೆಲಮಹಡಿಯಲ್ಲಿ ಆರಂಭಿಸಬೇಕೆಂದೂ, ಶಾಶ್ವತ ವ್ಯವಸ್ಥೆಗೆ ಕೈಗೊಳ್ಳುವ ಕ್ರಮವನ್ನು ಲಿಖಿತ ಹಿಂಬರಹದ ಮೂಲಕ ತಿಳಿಸಬೇಕೆಂದೂ ಕೋರುತ್ತೇನೆ.' ದಯಮಾಡಿ, ಕೃಪೆಯಿಟ್ಟು ಎಂಬ ಪದಗಳಿಲ್ಲ. ಹಾಗೆಂದು ಬೈಗುಳವೂ ಇಲ್ಲ.

'ಹಿಂಬರಹ', ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ, ಎಂಬ ಪದವನ್ನು ಮರೆಯದೆ ಬರೆಯಿರಿ. ಕರ್ನಾಟಕದ ಕಚೇರಿಗಳಲ್ಲಿ ಅದಕ್ಕೆ ವಿಶೇಷ ತೂಕವಿದೆ. ಬಾಯಲ್ಲಿ 'ಆಗುವುದಿಲ್ಲ' ಎಂದು ಸುಲಭವಾಗಿ ಹೇಳುವ ಅಧಿಕಾರಿ, ಅದನ್ನೇ ಕಾರಣ ಸಹಿತ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಬೇಕಾದಾಗ ಎರಡು ಬಾರಿ ಯೋಚಿಸುತ್ತಾನೆ. ಕೊಟ್ಟನೆನ್ನಿ, ಅದೇ ಮುಂದಿನ ದೂರಿಗೆ ಆಧಾರವಾಗುತ್ತದೆ.

ಅರ್ಜಿಯ ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ, ಮೊಹರು ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸಾಹೇಬರು ಇಲ್ಲ, ನಾಳೆ ಬನ್ನಿ ಎಂದರೆ ವಾದಕ್ಕೆ ನಿಲ್ಲದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಟಪಾಲು ವಿಭಾಗವೇ ಮೇಲಿನ ಮಹಡಿಯಲ್ಲಿದ್ದರೆ, ನನಗೆ ಆದಂತೆ, ಅಂಚೆಯ ಖರ್ಚೇ ನಿಮ್ಮ ಅಡ್ಡಿಯ ಇನ್ನೊಂದು ಸಾಕ್ಷಿ.

ಉತ್ತರ ಬಾರದಿದ್ದಾಗ

ಮೂವತ್ತು ದಿನ ಕಾದು, ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು. 'ಏಕೆ ರ‍್ಯಾಂಪ್ ಕಟ್ಟಿಲ್ಲ' ಎಂದು ಕೇಳಬೇಡಿ. ಏಕೆ ಎಂಬುದು ಮಾಹಿತಿಯಲ್ಲವೆಂದು ತಿರಸ್ಕರಿಸುತ್ತಾರೆ. ನನ್ನ ಮೊದಲ ಅರ್ಜಿ ಹೋದದ್ದು ಹೀಗೆಯೇ. 'ಈ ಸಂಖ್ಯೆಯ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ' ಎಂದು ಕೇಳಿ. ಮಾಹಿತಿಗೆ 30 ದಿನಗಳ ಗಡುವಿದೆ. ಬಾರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಬರೆಯಲಾಗದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದು ಆ ಕಾಯ್ದೆಯಲ್ಲಿಯೇ ಇದೆ. ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವವರಿಗೆ ದಾಖಲೆಯನ್ನು ಗ್ರಹಿಸಲು ನೆರವು ಕೊಡಬೇಕೆಂಬುದೂ ಇದೆ.

ಇದರ ನಂತರದ ಬಾಗಿಲು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರದು. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ದೂರು ಬರೆದು, ಅರ್ಜಿಯ ಪ್ರತಿ, ಸ್ವೀಕೃತಿ, ಹಿಂಬರಹ, ಫೋಟೊ ಲಗತ್ತಿಸಿ ಕಳುಹಿಸಬಹುದು, ವಕೀಲರು ಬೇಡ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಆದರೆ ಅವರು ಕೊಡುವುದು ಶಿಫಾರಸು ಎಂಬುದನ್ನು ತಿಳಿದಿರಬೇಕು: ಸಂಬಂಧಪಟ್ಟ ಪ್ರಾಧಿಕಾರ ಅದರ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ವರದಿ ಮಾಡಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು. ಆ ಮೂರು ತಿಂಗಳ ಲೆಕ್ಕವನ್ನು ಆಯುಕ್ತರ ಕಚೇರಿ ಇಡುವುದಕ್ಕಿಂತ ನಿಮ್ಮ ಕ್ಯಾಲೆಂಡರ್ ಚೆನ್ನಾಗಿ ಇಡುತ್ತದೆ. ಬಾಲ್ಯದಲ್ಲಿ ಪೋಲಿಯೊದಿಂದ ಕೈಕಾಲು ಕಳೆದುಕೊಂಡ, ಮಂಡ್ಯ ಜಿಲ್ಲೆಯ ಕೆ.ಎಸ್. ರಾಜಣ್ಣನವರು ಈ ಆಯುಕ್ತರ ಹುದ್ದೆಯಲ್ಲಿದ್ದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮಂತಹವರೊಬ್ಬರು ಮೇಜಿನ ಆ ಬದಿಯಲ್ಲಿ ಕುಳಿತದ್ದರ ಅರ್ಥವೇನೆಂಬುದು, ಯಾವಾಗಲೂ ಮೇಜಿನ ಈ ಬದಿಯಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತು.

ನ್ಯಾಯಾಲಯಕ್ಕೆ ಹೋಗಲೇಬೇಕಾದರೂ ಹೆದರುವ ಕಾರಣವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವಿಕಲಚೇತನರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ಹಳ್ಳಿಯಲ್ಲಿರುವವರಿಗೆ

ಬೆಂಗಳೂರಿನವರೆಗೆ ಹೋಗುವ ಮೊದಲು ಪಂಚಾಯಿತಿಯಲ್ಲಿ ಆಗಬೇಕಾದ ಕೆಲಸ ಬಹಳವಿದೆ, ಮತ್ತು ನನ್ನ ಅನುಭವದಲ್ಲಿ ಬೇಗ ಫಲ ಸಿಗುವುದೂ ಅಲ್ಲಿಯೇ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಈ ಹಣ ಎಷ್ಟಿದೆ, ಕಳೆದ ವರ್ಷ ಯಾವುದಕ್ಕೆ ಖರ್ಚಾಯಿತು ಎಂದು ಪಿಡಿಒ ಅವರನ್ನು ಕೇಳುವ ಹಕ್ಕು ನಿಮಗಿದೆ. ಹಲವು ಕಡೆ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಒಂದಿಷ್ಟು ಬೆಡ್‌ಶೀಟ್ ಅಥವಾ ಸೋಲಾರ್ ದೀಪ ಹಂಚಿ, ಫೋಟೊ ತೆಗೆಸಿ, ಲೆಕ್ಕ ಮುಗಿಸುತ್ತಾರೆ. ನಡೆಯಲು ವಾಕರ್ ಬೇಕಾದವನಿಗೂ ಬೆಡ್‌ಶೀಟ್, ಶ್ರವಣಸಾಧನದ ಬ್ಯಾಟರಿ ಬೇಕಾದವಳಿಗೂ ಬೆಡ್‌ಶೀಟ್.

ಇದನ್ನು ತಪ್ಪಿಸುವ ಜಾಗ ವಿಕಲಚೇತನರ ಸಮನ್ವಯ ಗ್ರಾಮಸಭೆ. ಅದನ್ನು ಕರೆಯುವಂತೆ ಲಿಖಿತವಾಗಿ ಕೇಳಿ. ಸಭೆಯ ಮೊದಲೇ ನಿಮ್ಮ ಊರಿನ ವಿ.ಆರ್.ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಯಾರಿಗೆ ಏನು ಬೇಕೆಂಬ ಪಟ್ಟಿಯನ್ನು ಮನೆಮನೆಗೆ ಹೋಗಿ ಮಾಡಿಸಿ. ಅವರೂ ಹೆಚ್ಚಾಗಿ ನಮ್ಮಂತೆ ವಿಕಲಚೇತನರು, ಅಲ್ಪ ಗೌರವಧನಕ್ಕೆ ದುಡಿಯುವವರು. ಅವರ ಮೇಲೆ ರೇಗಿ ಪ್ರಯೋಜನವಿಲ್ಲ, ಜೊತೆಗೆ ನಿಂತರೆ ಅವರಿಗೂ ಬಲ ಬರುತ್ತದೆ. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿ ಇರುತ್ತಾರೆ. ಸಭೆಯಲ್ಲಿ ಆಡಿದ ಮಾತು ನಡವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಅಂದೇ ಓದಿಸಿಕೊಂಡು, ಅಂದೇ ಫೋಟೊ ತೆಗೆದುಕೊಳ್ಳಿ. ಮರುದಿನ ನಡವಳಿ ಬೇರೆ ಆಗಿರುವುದುಂಟು.

ಸಭೆ ನಡೆಯುವ ಜಾಗವನ್ನೂ ನೋಡಿ. ನಮ್ಮಲ್ಲಿ ಒಮ್ಮೆ ವಿಕಲಚೇತನರ ಸಭೆಯನ್ನು ಮಾಳಿಗೆಯ ಮೇಲಿನ ಸಭಾಂಗಣದಲ್ಲಿ ಕರೆದಿದ್ದರು. ಮೂವರು ಸೇರಿ ನನ್ನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಲು ಸಿದ್ಧರಾದರು. ಬೇಡವೆಂದೆ. ಎತ್ತುವವರ ಮನಸ್ಸು ಒಳ್ಳೆಯದೇ, ಆದರೆ ಎತ್ತಿಸಿಕೊಂಡು ಒಮ್ಮೆ ಮೇಲೆ ಹೋದರೆ ಆ ಸಭಾಂಗಣ ಎಲ್ಲರಿಗೂ ತಲುಪುತ್ತದೆ ಎಂದೇ ಆಗುತ್ತದೆ. ಸಭೆಯೇ ಕೆಳಗಿಳಿದು ಅರಳಿಕಟ್ಟೆಯ ಬಳಿ ನಡೆಯಿತು. ಅಲ್ಲಿ ಮಾತಾಡಿದವರ ಸಂಖ್ಯೆ, ಮೇಲೆ ನಡೆದಿದ್ದರೆ ಬರಬಹುದಾಗಿದ್ದವರಿಗಿಂತ ಹೆಚ್ಚಿತ್ತು.

ಒಬ್ಬರೇ ಮಾಡಬೇಡಿ

2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಎಣಿಸಿತು, ಅದೂ 2016ರ ಕಾಯ್ದೆಯ 21 ಬಗೆಗಳು ಬರುವುದಕ್ಕೆ ಮೊದಲು. ನಿಮ್ಮ ಹೋಬಳಿಯಲ್ಲಿ ನಿಮ್ಮಂತಹವರು ಖಂಡಿತ ಇದ್ದಾರೆ. ಐದಾರು ಜನರ ಗುಂಪು ಸಾಕು. ಆದರೆ ಅದು ಒಂದೇ ಬಗೆಯವರ ಗುಂಪಾಗದಿರಲಿ. ಗಾಲಿಕುರ್ಚಿಯಲ್ಲಿದ್ದ ಹೋರಾಟಗಾರ ಜಾವೇದ್ ಅಬಿದಿಯಂಥವರು ಡಿಸೆಂಬರ್ 1995ರಲ್ಲಿ ದೆಹಲಿಯಲ್ಲಿ ಬೀದಿಗಿಳಿದು, ಅದೇ ತಿಂಗಳು ಸಂಸತ್ತು ಮೊದಲ ಕಾಯ್ದೆಯನ್ನು ಅಂಗೀಕರಿಸುವಂತಾದದ್ದು, ಬೇರೆ ಬೇರೆ ವಿಕಲತೆಯವರು ತಮ್ಮ ತಮ್ಮ ಪ್ರತ್ಯೇಕ ಬೇಡಿಕೆಗಳನ್ನು ಪಕ್ಕಕ್ಕಿಟ್ಟು ಒಂದೇ ಕಾನೂನಿಗಾಗಿ ನಿಂತದ್ದರಿಂದ.

ಗುಂಪು ಕಟ್ಟುವಾಗ ನಾನು ಮಾಡಿದ ತಪ್ಪನ್ನು ಹೇಳಬೇಕು. ಮೊದಲ ಎರಡು ವರ್ಷ ನಮ್ಮ ಸಭೆಗಳಲ್ಲಿ ಕಾಲಿನ ತೊಂದರೆಯ ಗಂಡಸರದೇ ಮಾತು. ಕಿವುಡ ಸದಸ್ಯೆಯೊಬ್ಬರು ಪ್ರತಿ ಸಭೆಗೂ ಬಂದು, ಕೊನೆಯವರೆಗೆ ಕುಳಿತು, ಚಹಾ ಕುಡಿದು ಹೋಗುತ್ತಿದ್ದರು. ಅವರಿಗೆ ಏನೂ ಅರ್ಥವಾಗುತ್ತಿರಲಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ರ‍್ಯಾಂಪ್ ಇಲ್ಲದ ಕಚೇರಿಯನ್ನು ಬೈಯುತ್ತಿದ್ದ ನಾವು, ಸಂಜ್ಞಾಭಾಷೆ ಬಲ್ಲವರೊಬ್ಬರನ್ನು ಕರೆಸುವ ಯೋಚನೆಯನ್ನೇ ಮಾಡಿರಲಿಲ್ಲ. ಈಗ ಸಂಜ್ಞಾಭಾಷೆ ಬಲ್ಲ ಶಿಕ್ಷಕಿಯೊಬ್ಬರು ಬಾರದ ದಿನ ಸಭೆಯನ್ನು ಮುಂದೂಡುತ್ತೇವೆ. ಬೌದ್ಧಿಕ ವಿಕಲತೆ ಇರುವವರ ಪರವಾಗಿ ತಾಯಂದಿರು ಮಾತಾಡುವಾಗಲೂ, ಪ್ರಶ್ನೆಯನ್ನು ಮೊದಲು ಮಗನಿಗೆ ಅಥವಾ ಮಗಳಿಗೆ ಕೇಳಿ, ಉತ್ತರಕ್ಕೆ ಕಾಯುವ ಪದ್ಧತಿ ಇಟ್ಟುಕೊಂಡಿದ್ದೇವೆ. ಸಭೆ ಉದ್ದವಾಗುತ್ತದೆ, ಆಗಲಿ.

ಪತ್ರಿಕೆಯವರು ಬಂದರೆ ಅಳತೆ ಮತ್ತು ದಿನಾಂಕಗಳನ್ನು ಕೊಡಿ. ಅವರು ಬಯಸುವುದು ಕಣ್ಣೀರನ್ನು. ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನದ ವೇದಿಕೆಗೆ ಕರೆದರೆ ಹೋಗಿ, ಆದರೆ ಶಾಲು ಹೊದಿಸುವ ಹೊತ್ತಿನಲ್ಲಿ ಅಧಿಕಾರಿಯ ಕೈಗೆ ಬಾಕಿ ಅರ್ಜಿಗಳ ಪಟ್ಟಿ ಕೊಡುವುದನ್ನು ಮರೆಯಬೇಡಿ. ಎಲ್ಲರೆದುರು ಅದನ್ನು ಯಾರೂ ಬೇಡವೆನ್ನಲಾರರು.

ಆಯಾಸದ ವಿಚಾರವೂ ಇದೆ. ಪ್ರತಿ ಅರ್ಜಿಗೂ ಒಂದು ಪ್ರಯಾಣ, ಒಂದು ದಿನದ ಕೂಲಿ, ಭುಜದ ನೋವು ಸೇರಿರುತ್ತದೆ. ವರ್ಷಕ್ಕೆ ಎರಡು ವಿಷಯಗಳಿಗಿಂತ ಹೆಚ್ಚು ಹಿಡಿಯದಿರುವುದು ನಾನು ಹಾಕಿಕೊಂಡ ಮಿತಿ. ಗುಂಪಿನಲ್ಲಿ ಸರದಿ ಹಂಚಿಕೊಂಡರೆ ಕಡತ ನಿಲ್ಲುವುದಿಲ್ಲ.

ಕೆಲಸ ಮುಗಿಯಿತೆಂದು ತಿಳಿಯುವ ಮೊದಲು ಅಳೆಯಿರಿ

ಕೊನೆಗೂ ನಮ್ಮ ಆ ಕಚೇರಿಯವರು ಅರ್ಜಿ ಸ್ವೀಕರಿಸುವ ಕೆಲಸವನ್ನು ನೆಲಮಹಡಿಯ ಕೋಣೆಯೊಂದಕ್ಕೆ ತಂದರು. ಮೊದಲ ಅರ್ಜಿಯಿಂದ ಅಲ್ಲಿಯವರೆಗೆ ಒಂದು ವರ್ಷ ಐದು ತಿಂಗಳು ಹಿಡಿಯಿತು. ಆ ಕೋಣೆಯ ಜಗುಲಿ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದುದರಿಂದ ಒಂದು ರ‍್ಯಾಂಪನ್ನೂ ಕಟ್ಟಿಸಿ, ಹಳದಿ ಬಣ್ಣ ಬಳಿಸಿ, ಉದ್ಘಾಟನೆಗೆ ನನ್ನನ್ನೇ ಕರೆದರು. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಎರಡೂವರೆ ಅಡಿಗೆ ಮೂವತ್ತು ಅಡಿ. ಅವರು ಕಟ್ಟಿಸಿದ್ದು ಹನ್ನೊಂದು ಅಡಿ. ಕೈಹಿಡಿ ಇರಲಿಲ್ಲ. ಗಾಲಿಕುರ್ಚಿಯವರು ಅದರಲ್ಲಿ ಏರಲಾರರು, ಇಳಿಯಲು ಹೋದರೆ ರಸ್ತೆಗೇ ಬೀಳುತ್ತಾರೆ. ನನ್ನ ಊರುಗೋಲೂ ಜಾರಿತು. ರಿಬ್ಬನ್ ಕತ್ತರಿಸುವ ಮೊದಲೇ ಟೇಪ್ ಹಿಡಿದದ್ದು ಕೆಲವರಿಗೆ ಸರಿಕಾಣಲಿಲ್ಲ. ಇಷ್ಟು ಮಾಡಿದ್ದಾರಲ್ಲ, ಅದಕ್ಕೂ ತಕರಾರೇ ಎಂದು ನಮ್ಮ ಗುಂಪಿನವರೇ ಒಬ್ಬರು ಕೇಳಿದರು.

ಮರುದಿನ ಎರಡನೆಯ ಅರ್ಜಿ ಬರೆದೆ. ಕೌಂಟರನ್ನು ಕೆಳಗೆ ತಂದದ್ದಕ್ಕೆ ಮೊದಲ ಸಾಲಿನಲ್ಲಿ ಕೃತಜ್ಞತೆ, ಎರಡನೆಯ ಸಾಲಿನಿಂದ ಅಳತೆಗಳು. ತಾತ್ಕಾಲಿಕವಾಗಿ ಕಿಟಕಿಯ ಬಳಿ ಒಂದು ಕರೆಗಂಟೆ, ಶಾಶ್ವತವಾಗಿ ಗೋಡೆಯ ಉದ್ದಕ್ಕೆ ತಿರುವು ಕೊಟ್ಟ ಮೂವತ್ತು ಅಡಿಯ ರ‍್ಯಾಂಪ್ ಮತ್ತು ಎರಡೂ ಬದಿಗೆ ಕೈಹಿಡಿ. ಟಪಾಲು ವಿಭಾಗ ಈಗ ಕೆಳಗೇ ಇರುವುದರಿಂದ ಈ ಬಾರಿ ಅಂಚೆಯ ಖರ್ಚು ಇರಲಿಲ್ಲ. ಜಗುಲಿಯ ಕೆಳಗೆ ನಿಂತೇ ಪ್ರತಿಯನ್ನು ಮೇಲಕ್ಕೆ ಚಾಚಿ ಮೊಹರು ಹಾಕಿಸಿಕೊಂಡೆ. ಬರುವ ಸೋಮವಾರಕ್ಕೆ ಮೂವತ್ತು ದಿನವಾಗುತ್ತದೆ.